ಚಿಕ್ಕಪ್ಪನ ಬಿಸಿಲಿನ ವ್ಯಾಜ್ಯ

ಮನುಷ್ಯನಿಗೂ ಆಕಾಶಕ್ಕೂ ಇರುವ ಸಂಬಂಧ ಬಹಳ ಹಳೆಯದು, ಬಹಳ ಗಂಭೀರವಾದದ್ದು. ಋಷಿಗಳು ಆಕಾಶವನ್ನು ನೋಡಿ ಮಂತ್ರ ಹೇಳಿದರು, ರೈತರು ನೋಡಿ ಬಿತ್ತನೆ ಮಾಡಿದರು, ಜೋಯಿಸರು ನೋಡಿ ದಕ್ಷಿಣೆ ಪಡೆದರು. ನಮ್ಮ ಚಿಕ್ಕಪ್ಪ ನೋಡಿ ಜಗಳಕ್ಕೆ ಹೋದರು.

ಜಗಳವೆಂದರೆ ನಾಲ್ಕು ಮಾತು ಬೈದು ಸುಮ್ಮನಾಗುವ ಜಗಳವಲ್ಲ, ವ್ಯಾಜ್ಯ. ಕನಕಪುರ ತಾಲ್ಲೂಕಿನಲ್ಲಿ ಬದುವಿಗೆ, ಬಾವಿಗೆ, ಬಂಡಿ ದಾರಿಗೆ, ಪಕ್ಕದವನ ತೆಂಗಿನ ಮರ ನಮ್ಮ ಹೊಲದ ಮೇಲೆ ಚೆಲ್ಲುವ ನೆರಳಿಗೆ ವ್ಯಾಜ್ಯ ಹೂಡಿದವರು ಬೀದಿಗೊಬ್ಬರಿದ್ದಾರೆ. ಬಿಸಿಲಿಗೆ ವ್ಯಾಜ್ಯ ಹೂಡಿದವರು ಮಾತ್ರ, ನನಗೆ ತಿಳಿದಮಟ್ಟಿಗೆ, ನಮ್ಮ ಚಿಕ್ಕಪ್ಪ ಒಬ್ಬರೇ. ತಮ್ಮ ಪಾಲಿಗೆ ಬರಬೇಕಾದ ಬಿಸಿಲಿನಲ್ಲಿ ಒಂದು ಭಾಗವನ್ನು ಯಾರೋ ನಡುದಾರಿಯಲ್ಲೇ ಹೊಡೆದುಕೊಳ್ಳುತ್ತಿದ್ದಾರೆ ಎಂಬುದು ಅವರ ದೂರು. ಅದಕ್ಕಿಂತ ವಿಚಿತ್ರವೆಂದರೆ ಅವರು ಹೇಳುತ್ತಿದ್ದದ್ದು ನಿಜ. ತೊಂದರೆ ಶುರುವಾದದ್ದೇ ಅಲ್ಲಿ. ಸುಳ್ಳು ಹೇಳುವವರನ್ನು ಹೇಗೋ ಸಂಭಾಳಿಸಬಹುದು, ಊರೂರಲ್ಲಿ ಅಭ್ಯಾಸವಿದೆ. ನಿಜ ಹೇಳುತ್ತಾ ತಲೆ ತಿನ್ನುವವರನ್ನು ಏನು ಮಾಡುವುದು?

ಇದು ಎರಡು ಸಾವಿರದ ಇಸವಿ ದಾಟಿದ ಮೇಲಿನ ಮಾತು. ಚಿಕ್ಕಪ್ಪನ ಊರು ಮರಳವಾಡಿ ಕಡೆಗೆ. ಹಾರೋಹಳ್ಳಿ ಸುತ್ತಮುತ್ತ ಆಗ ರಾಗಿ ಹೊಲಗಳಲ್ಲಿ ರಾಗಿಯ ಬದಲು ತಗಡಿನ ಶೆಡ್ಡುಗಳು ಮೊಳೆಯತೊಡಗಿದ್ದವು. ಯಾವ ಶೆಡ್ಡಿನಲ್ಲಿ ಏನು ತಯಾರಾಗುತ್ತದೆಂದು ಊರಿನವರಿಗೆ ತಿಳಿಯದು. ಕೊಳವೆಯಿಂದ ಬರುವ ಹೊಗೆಯ ಬಣ್ಣ ನೋಡಿ ಒಂದಕ್ಕೆ ಕರಿ ಫ್ಯಾಕ್ಟ್ರಿ, ಇನ್ನೊಂದಕ್ಕೆ ಬಿಳಿ ಫ್ಯಾಕ್ಟ್ರಿ ಎಂದು ನಾಮಕರಣ ಮಾಡಿದ್ದರು. ಊರ ಹಿಂದಿನ ಗುಡ್ಡಕ್ಕೆ ಜಲ್ಲಿ ಕ್ರಷರ್ ಬಂದಿತ್ತು. ಬೆಂಗಳೂರು ಎತ್ತರವಾಗುತ್ತಾ ಹೋದಂತೆ ನಮ್ಮ ಗುಡ್ಡ ಗಿಡ್ಡವಾಗುತ್ತಾ ಹೋಯಿತು. ಲಾರಿಗಳು ಓಡಾಡಿ ಓಡಾಡಿ ರಸ್ತೆ ಬದಿಯ ಹುಣಸೆ ಮರಗಳು ಮೈತುಂಬ ವಿಭೂತಿ ಬಳಿದುಕೊಂಡ ಸನ್ಯಾಸಿಗಳ ಹಾಗೆ ಸಾಲಾಗಿ ನಿಂತಿದ್ದವು.

ಚಿಕ್ಕಪ್ಪನದು ರೇಷ್ಮೆ ಬೇಸಾಯ. ಹಿಪ್ಪುನೇರಳೆ ತೋಟ, ತೋಟದ ಅಂಚಿಗೆ ಹುಳು ಮನೆ. ರೇಷ್ಮೆ ಹುಳು ಬೆಳೆಯುತ್ತಾ ನಾಲ್ಕು ಸಲ ಚರ್ಮ ಕಳಚುತ್ತದೆ. ನಮ್ಮ ಕಡೆ ಅದನ್ನು ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರ ಎದ್ದ ಹುಳು ಹೆಣ್ಣಿನ ಮನೆಗೆ ಬಂದ ಬೀಗರ ಹಾಗೆ ಹಗಲೂ ರಾತ್ರಿ ಮೇಯ್ದು, ಒಂದು ದಿನ ಇದ್ದಕ್ಕಿದ್ದಂತೆ ಊಟ ಬಿಡುತ್ತದೆ. ಆಗ ಅದರ ಮೈ ತೆಳು ಹಳದಿಗೆ ತಿರುಗಿ, ಬೆಳಕು ಆಚೆಯಿಂದ ಈಚೆಗೆ ಹಾಯುವಷ್ಟು ತಿಳಿಯಾಗುತ್ತದೆ. ಹುಳು ಹಣ್ಣಾಯಿತು ಎನ್ನುವುದು ಅದಕ್ಕೇ. ಹಣ್ಣಾದ ಹುಳುವನ್ನು ತಟ್ಟೆಯಿಂದ ಆರಿಸಿ ಬಿದಿರಿನ ಚಂದ್ರಿಕೆಗೆ ಬಿಟ್ಟರೆ ಅಲ್ಲಿ ಗೂಡು ಕಟ್ಟುತ್ತದೆ. ಹಣ್ಣಾಗುವ ಮುಂಚೆ ಬಿಟ್ಟರೋ, ಹಸಿದ ಹುಳು ಸೊಪ್ಪು ಹುಡುಕಿಕೊಂಡು ಚಂದ್ರಿಕೆಯೆಲ್ಲ ಅಲೆದು, ಕೊನೆಗೆ ಬೇಜಾರಾಗಿ ಬೀಡಿ ಸುತ್ತುವ ಎಲೆಯಂಥ ತೆಳ್ಳನೆಯ ಗೂಡು ಕಟ್ಟುತ್ತದೆ. ಅಂಥ ಗೂಡನ್ನು ರಾಮನಗರದ ಮಾರ್ಕೆಟ್ಟಿನಲ್ಲಿ ಜನ ಕೈಯಲ್ಲಿ ಹಿಡಿದು ನೋಡಿ, ಏನೂ ಹೇಳದೆ, ವಾಪಸು ಇಟ್ಟು ಹೋಗುತ್ತಾರೆ. ಬೈದರೆ ತಡೆದುಕೊಳ್ಳಬಹುದು; ಹಾಗೆ ಇಟ್ಟು ಹೋಗುವುದನ್ನು ತಡೆದುಕೊಳ್ಳುವುದು ಕಷ್ಟ.

ಈ ಹಣ್ಣು ಹುಳು ಆರಿಸುವುದರಲ್ಲಿ ಚಿಕ್ಕಪ್ಪನಿಗೆ ಸುತ್ತಲ ಹಳ್ಳಿಗಳಲ್ಲಿ ಹೆಸರಿತ್ತು. ಬಾಗಿಲಲ್ಲಿ ನಿಂತೇ, "ಮೂರನೇ ಸಾಲಿನ ತಟ್ಟೆ ಸಂಜೆಗೆ, ಮಿಕ್ಕಿದ್ದು ನಾಳೆ ಬೆಳಿಗ್ಗೆಗೆ" ಎಂದು ತೀರ್ಪು ಕೊಟ್ಟರೆ ಮುಗಿಯಿತು, ಹುಳುಗಳೂ ಅದಕ್ಕೆ ವಿಧೇಯವಾಗಿ ನಡೆದುಕೊಳ್ಳುತ್ತಿದ್ದವು. ಬೆಳೆ ಹಣ್ಣಾಗುವ ಹೊತ್ತಿಗೆ ಅಕ್ಕಪಕ್ಕದ ಮನೆಯವರು ಬಂದು, "ಅಣ್ಣಾ, ಒಸಿ ಬಂದು ನೋಡ್ಬುಟ್ಟು ಹೋಗು" ಎಂದು ಕರೆಯುತ್ತಿದ್ದರು. ಚಿಕ್ಕಪ್ಪ ಹೆಗಲ ಮೇಲೆ ಟವೆಲು ಹಾಕಿಕೊಂಡು, ಹೆರಿಗೆಗೆ ಹೋಗುವ ಡಾಕ್ಟರ ಗಾಂಭೀರ್ಯದಲ್ಲಿ ಹೊರಡುತ್ತಿದ್ದರು. ಅವರಿಗೆ ಇದ್ದ ಬಿರುದು ಬಾವಲಿ ಎಲ್ಲ ಅದೊಂದೇ.

ಇಂಥವರು ಒಂದು ಭಾನುವಾರ ಬೆಳಿಗ್ಗೆ ಮೊದಲ ಬಸ್ಸಿಗೇ ಕನಕಪುರದ ನಮ್ಮ ಮನೆಗೆ ಬಂದರು. ನಾನು ಅಲ್ಲಿನ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಷ್ಟ್ರು. ಚಿಕ್ಕಪ್ಪನಿಗೆ ನನ್ನ ವಿಜ್ಞಾನದಲ್ಲಿ ನಂಬಿಕೆ ಇರಲಿಲ್ಲ, ಆದರೆ ಸಾಕ್ಷಿಗೆ ಯಾರಾದರೂ ಬೇಕಲ್ಲ.

"ಏನ್ಲಾ ಮೇಷ್ಟ್ರೇ, ಎದ್ದಿದ್ದೀಯಾ?"

"ಬನ್ನಿ ಚಿಕ್ಕಪ್ಪ. ಮೊದಲು ಕಾಫಿ ಕುಡೀರಿ."

"ಕಾಫಿ ಇರ್ಲಿ. ರೇಡಿಯೋದಲ್ಲಿ ಒಬ್ರು ವಿಜ್ಞಾನಿ ಮಾತಾಡಿದ್ರು. ಗಾಳೀಲಿ ತೇಲೋ ಧೂಳು, ಮಸಿ ಎಲ್ಲಾ ಸೇರ್ಕಂಡು ಬಿಸಿಲ್ನ ನೆಲಕ್ಕೆ ಬರಾಕೆ ಬುಡಲ್ವಂತೆ. ಒಂದು ಜಾತಿ ಚದುರಿಸ್ತದಂತೆ, ಇನ್ನೊಂದು ಜಾತಿ ಹೀರ್ಕತದಂತೆ. ನಿಜವೇನ್ಲಾ?"

"ನಿಜ ಚಿಕ್ಕಪ್ಪ."

"ನಿಮ್ ಪುಸ್ತಕದಲ್ಲೂ ಐತಾ?"

"ಒಂದು ಪ್ಯಾರಾ ಇದೆ."

"ಇಷ್ಟು ದೊಡ್ಡ ಕಳ್ಳತನಕ್ಕೆ ಒಂದೇ ಪ್ಯಾರಾನಾ?"

ನಾನು ಮೇಷ್ಟ್ರ ಚಪಲದಿಂದ ಒಂದು ಪ್ರಯೋಗ ಮಾಡಿ ತೋರಿಸಿದೆ. ಗಾಜಿನ ಲೋಟದ ನೀರಿಗೆ ಒಂದೆರಡು ತೊಟ್ಟು ಹಾಲು ಬಿಟ್ಟು, ಬಾಗಿಲು ಕಿಟಕಿ ಮುಚ್ಚಿ, ಒಂದು ಕಡೆಯಿಂದ ಟಾರ್ಚ್ ಹಿಡಿದೆ. ಹಾಲಿನ ಸಣ್ಣ ಕಣಗಳು ಬೆಳಕನ್ನು ಚದುರಿಸುತ್ತವೆ. ಪಕ್ಕದಿಂದ ನೋಡಿದರೆ ನೀರು ನೀಲಿಯಾಗಿ, ಎದುರಿನಿಂದ ನೋಡಿದರೆ ಬೆಳಕು ಕೆಂಪಾಗಿ ಕಾಣುತ್ತದೆ. ಇದಕ್ಕೇ ಸಂಜೆಯ ಸೂರ್ಯ ಕೆಂಪು ಎಂದೆ.

ಚಿಕ್ಕಪ್ಪ ಲೋಟದ ಸುತ್ತ ಒಂದು ಪ್ರದಕ್ಷಿಣೆ ಬಂದರು. "ನೀಲಿ ಎಲ್ಲೈತೆ? ನಂಗೆ ಎಲ್ಲಾ ಕಡೇಲೂ ಹಳದೀನೇ ಕಾಣ್ತದಲ್ಲ?"

"ಟಾರ್ಚಿನ ಸೆಲ್ಲು ವೀಕಾಗಿರಬೇಕು" ಎಂದೆ ನಾನು, ವಿಜ್ಞಾನದ ಮೇಷ್ಟ್ರು.

ಅವರು ಲೋಟವನ್ನೆತ್ತಿ ಪ್ರಯೋಗವನ್ನು ಗಟಗಟನೆ ಕುಡಿದು, ಮೀಸೆ ಒರೆಸಿಕೊಂಡು, "ನಿನ್ ಆಕಾಶ ಒಸಿ ಸಪ್ಪೆ ಕಣ್ಲಾ" ಎಂದರು.

ಅಂದಿನಿಂದ ನಮ್ಮ ವಂಶಕ್ಕೆ ನೆಮ್ಮದಿ ಇಲ್ಲದಂತಾಯಿತು. ಚಿಕ್ಕಪ್ಪ ಸಿದ್ಧಾಂತವನ್ನು ಅರೆದು ಕುಡಿದರು, ಮಾತ್ರವಲ್ಲ, ಎದುರಿಗೆ ಸಿಕ್ಕವರಿಗೂ ಕುಡಿಸತೊಡಗಿದರು. ಕಲ್ಲಿನ ಬಿಳಿ ಧೂಳು, ಬಿಳಿ ಫ್ಯಾಕ್ಟ್ರಿಯ ಹೊಗೆ ಬಿಸಿಲನ್ನು ಬಂದ ದಾರಿಗೇ ಒದ್ದು ಕಳಿಸುತ್ತವೆ, ನೆಲ ತಣ್ಣಗಾಗುತ್ತದೆ. ಸೌದೆ ಒಲೆ, ಟೈರು, ಲಾರಿಯ ಕರಿ ಮಸಿ ಬಿಸಿಲನ್ನು ಮೇಲೆಯೇ ನುಂಗಿಕೊಂಡು ತಾನು ಕಾಯುತ್ತದೆ, ಸುತ್ತಲ ಗಾಳಿಯನ್ನೂ ಕಾಯಿಸುತ್ತದೆ; ನೆಲಕ್ಕೆ ಮಾತ್ರ ಮಬ್ಬು. ಇದಿಷ್ಟೂ ಸರಿಯೇ. ಮಳೆಯ ವಿಷಯ ಬಂದಾಗ ಅವರ ಉಪಮೆ ನನ್ನ ಪುಸ್ತಕಕ್ಕಿಂತ ಚೆನ್ನಾಗಿತ್ತು.

"ಮೋಡದಲ್ಲಿ ನೀರು ಇರೋದು ಒಂದು ಸೇರು ಹಿಟ್ಟು ಇದ್ದಂಗೆ. ಧೂಳಿನ ಒಂದೊಂದು ಕಣಾನೂ ಅದ್ರಲ್ಲಿ ಒಂದೊಂದು ಮುದ್ದೆ ಕಟ್ತದೆ. ಕಟ್ಟೋರು ಊರು ತುಂಬಾ ಆದ್ರೆ ಮುದ್ದೆ ಗೋಲಿ ಗಾತ್ರ ಆಯ್ತದೆ. ಗೋಲಿ ಗಾತ್ರದ ಮುದ್ದೆ ಯಾರ ಗಂಟಲಿಗೆ ಇಳೀತದೆ? ಹನಿ ಭಾರ ಇಲ್ದೆ ಮಳೆ ಕೆಳಗಿಳಿಯಲ್ಲ, ಅಷ್ಟೇಯ."

ಇದನ್ನು ನಾನು ಮರುವರ್ಷ ಒಂಬತ್ತನೇ ಕ್ಲಾಸಿಗೆ ಹಾಗೆಯೇ ಪಾಠ ಮಾಡಿದೆ.

ಆದರೆ ಚಿಕ್ಕಪ್ಪ ಧೂಳಿಗೇ ನಿಲ್ಲಲಿಲ್ಲ. ಮನುಷ್ಯರನ್ನೂ ಎರಡು ಜಾತಿಯಾಗಿ ವಿಂಗಡಿಸಿದರು: ಚದುರಿಸುವವರು, ಹೀರುವವರು. ಹೇಳಿದ ಗುಟ್ಟನ್ನು ಅರ್ಧ ಗಂಟೆಯಲ್ಲಿ ಊರಿಗೆಲ್ಲ ಹಂಚುವ ನಮ್ಮ ಅತ್ತೆ ಚದುರಿಸುವ ಜಾತಿ. ಯಾರ ಮನೆ ಕಾಫಿಯನ್ನೂ ಬಿಡದ ಪಂಚಾಯಿತಿ ಮೆಂಬರು ಹೀರುವ ಜಾತಿ. "ನಾನು ಯಾವ ಜಾತಿ ಚಿಕ್ಕಪ್ಪ?" ಎಂದು ಕೇಳಿದೆ. "ನಿಂಗೆ ಬಿಸಿಲೇ ತಾಗಿಲ್ಲ ಬುಡು, ಫ್ಯಾನ್ ಕೆಳಗೆ ಇರೋನು" ಎಂದರು. ಚಿಕ್ಕಮ್ಮನ ಬಗ್ಗೆ ಅವರು ತೀರ್ಪು ಕೊಡಲಿಲ್ಲ. ಆಕೆ ಮಾತೇ ಆಡದೆ ಸೊಪ್ಪು ಹೆಚ್ಚುತ್ತಾ ಕೂತಿರುತ್ತಿದ್ದರಿಂದ ಅಳತೆಗೆ ಸಿಕ್ಕಿರಲಿಲ್ಲ.

ಪುರಾವೆ ಬೇಕೆಂದು ಚಿಕ್ಕಪ್ಪ ಒಗೆದ ಬಿಳಿ ಪಂಚೆಯೊಂದನ್ನು ಕ್ರಷರ್ ಕಡೆಯ ಬೇಲಿಗೆ ಕಟ್ಟಿ ಒಂದು ವಾರ ಬಿಟ್ಟರು. ವಾರದ ಕೊನೆಗೆ ನೋಡಿದರೆ ಪಂಚೆ ಮಲ್ಲಿಗೆಯಂತೆ ಬೆಳ್ಳಗಿದೆ! ಸಿದ್ಧಾಂತವೇ ಕುಸಿಯಿತೋ ಎಂದು ಅವರು ಕಂಗೆಟ್ಟು ಕೂತಾಗ ಗೊತ್ತಾಯಿತು: ಬೇಲಿಯ ಮೇಲೆ ಬಟ್ಟೆ ಕೊಳೆಯಾಗಿದೆಯಲ್ಲ ಎಂದು ಚಿಕ್ಕಮ್ಮ ದಿನಾ ಒಗೆದು ಹಾಕುತ್ತಿದ್ದರು. ಎರಡನೇ ಪಂಚೆಗೆ "ಮುಟ್ಟಬೇಡ" ಎಂದು ಆಜ್ಞೆಯಾಯಿತು. ಅದು ವಾರದಲ್ಲಿ ಬೂದಿಗುಂಬಳದ ಬಣ್ಣಕ್ಕೆ ಬಂತು. ಅದನ್ನು ಮಡಿಸಿ, ತಾಂಬೂಲದ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡು, ನನ್ನನ್ನು ಸಾಕ್ಷಿಗೆ ಎಳೆದುಕೊಂಡು ಕ್ರಷರ್‌ನ ಮ್ಯಾನೇಜರನ ಬಳಿ ಹೋದರು. ಆತ ಕೆಟ್ಟವನಲ್ಲ. ಕುರ್ಚಿ ಹಾಕಿಸಿ ಟೀ ತರಿಸಿದ.

"ಯಜಮಾನ್ರೇ, ಗುಡ್ಡ ನಿಮ್ದಾ?" ಎಂದು ಕೇಳಿದ.

"ಗುಡ್ಡ ನಂದಲ್ಲ. ಬಿಸಿಲು ನಂದು."

"ಬಿಸಿಲಿಗೆ ಪಹಣಿ ಐತಾ?"

ಚಿಕ್ಕಪ್ಪ ಟೀ ಲೋಟ ಕೆಳಗಿಟ್ಟರು. ಯೋಚನೆ ಮಾಡಿದರು. "ನಿನ್ ತಾವ ಧೂಳಿಗೆ ಐತಾ?"

ಮ್ಯಾನೇಜರ್ ಇನ್ನೊಂದು ಟೀ ತರಿಸಿದ. ನಮ್ಮ ತಾಲ್ಲೂಕಿನಲ್ಲಿ ಯಾವುದೇ ವ್ಯಾಜ್ಯದಲ್ಲಿ ವಾದ ಸಮ ಸಮ ಆದಾಗ ನಡೆಯುವುದು ಇದೇ. ಹೊರಡುವಾಗ ಮಾತ್ರ ಆತ ನಗುತ್ತಾ ಒಂದು ಮಾತಂದ: "ಯಜಮಾನ್ರೇ, ಬರ್ತಾ ನಮ್ಮ ತೂಕದ ಯಂತ್ರ ಎಡವಿದ್ರಿ, ಹೋಗ್ತಾ ಒಸಿ ಹುಷಾರು. ಆಕಾಶದಲ್ಲಿ ಧೂಳಿಲ್ಲ, ನಿಮ್ ಕಣ್ಣಲ್ಲಿದೆ." ಆ ಮಾತು ಚಿಕ್ಕಪ್ಪನಿಗೆ ನಾಟಿತ್ತು.

ಆಮೇಲೆ ನನ್ನ ಕಣ್ಣಿಗೂ ಕೆಲವು ಸಂಗತಿ ಬೀಳತೊಡಗಿದವು. ಸಾತನೂರಿನಲ್ಲಿ ನಮ್ಮ ನೆಂಟರೊಬ್ಬರ ಗೃಹಪ್ರವೇಶ. ಹೋಮ ನಡೆಯುತ್ತಿತ್ತು, ಮನೆ ತುಂಬ ಹೊಗೆ. ಚಿಕ್ಕಪ್ಪ ಪುರೋಹಿತರ ಪಕ್ಕದಲ್ಲೇ ಕೂತು, "ಸ್ವಾಮಿ, ಇದು ಹೀರೋ ಜಾತಿ ಹೊಗೆ. ಒಸಿ ತುಪ್ಪ ಕಮ್ಮಿ ಮಾಡಿ" ಎಂದು ಸಲಹೆ ಕೊಡುತ್ತಿದ್ದರು. ಪುರೋಹಿತರು ಕಣ್ಣೀರು ಸುರಿಸುತ್ತಾ, ಅದು ಹೊಗೆಗೋ ಚಿಕ್ಕಪ್ಪನಿಗೋ ಹೇಳಲಾರೆ, ಮಂತ್ರ ಮುಂದುವರಿಸಿದರು. ಊಟದ ಹೊತ್ತಿಗೆ ಚಿಕ್ಕಪ್ಪ ಎದ್ದು ಹೋಗಿ, ಬಾಗಿಲಲ್ಲಿ ನಿಂತಿದ್ದ ಅಡಿಗೆಯವನ ಎರಡೂ ಕೈ ಹಿಡಿದು, "ಮನೆ ಬಲು ಚೆಂದಾಗಿ ಕಟ್ಟಿದ್ದೀಯ ಕಣಪ್ಪ, ಹೆಂಡ್ತಿ ಮಕ್ಳ ಜೊತೆ ನೂರು ವರ್ಷ ಬಾಳು" ಎಂದು ಹರಸಿ, ಮುಯ್ಯಿಯ ಕವರನ್ನು ಅವನ ಕೈಗಿಟ್ಟು ಬಂದರು. ಅಡಿಗೆಯವನು ಎಷ್ಟು ಸಂತೋಷಪಟ್ಟನೆಂದರೆ, ಆ ಪಂಕ್ತಿಯಲ್ಲಿ ಚಿಕ್ಕಪ್ಪನ ಎಲೆಗೆ ಹೋಳಿಗೆ ಬಂದದ್ದೇ ಬಂದದ್ದು. ಮನೆಯ ಯಜಮಾನ ದೂರದಲ್ಲಿ ಬರಿಗೈಯಲ್ಲಿ ನಿಂತು ನೋಡುತ್ತಿದ್ದ.

"ಹೊಗೆ ಕಣ್ಲಾ" ಎಂದರು ಚಿಕ್ಕಪ್ಪ, ನಾನು ಕೇಳುವ ಮೊದಲೇ.

ಆದರೆ ಹೊಗೆಯಾಡದ ಕಡೆಯಲ್ಲೂ ಹೀಗೇ ಆಗತೊಡಗಿತು. ಬಸ್ಸಿನ ಬೋರ್ಡು ಓದಲಾರದೆ ಚನ್ನಪಟ್ಟಣಕ್ಕೆ ಹೋಗಬೇಕಾದವರು ಮಾಗಡಿಯಲ್ಲಿ ಇಳಿದರು. ಬೋರ್ಡಿನ ಮೇಲೆ ಧೂಳು ಎಂದರು. ಮಟ ಮಟ ಮಧ್ಯಾಹ್ನ, "ನೋಡ್ಲಾ, ಸೂರ್ಯನ ಸುತ್ತ ಹೆಂಗೆ ಮಸುಕು ಹರಡಿಕೊಂಡದೆ" ಎಂದು ನನಗೆ ತೋರಿಸಿದರು. ನಾನು ನೋಡಿದೆ. ಮಸುಕು ಇತ್ತು, ನಿಜ. ಅವರು ಕೈಯಳತೆಯಲ್ಲಿ ತೋರಿಸಿದಷ್ಟು ಇರಲಿಲ್ಲ.

ಆ ಬೇಸಿಗೆಯ ಬೆಳೆಯಲ್ಲಿ ಹುಳು ನಾಲ್ಕನೇ ಜ್ವರದಿಂದ ಎದ್ದು ಇನ್ನೂ ಹೊಟ್ಟೆ ತುಂಬ ತಿಂದಿರಲಿಲ್ಲ, ಚಿಕ್ಕಪ್ಪ ಹುಳು ಮನೆಗೆ ಹೋಗಿ ಬಂದವರೇ ಘೋಷಿಸಿದರು: "ಹುಳ ಹಣ್ಣಾಗವೆ. ಚಂದ್ರಿಕೆ ಇಳಿಸಿ."

ಚಿಕ್ಕಮ್ಮ ಸೊಪ್ಪಿನ ಮಂಕರಿ ಹಿಡಿದುಕೊಂಡೇ ನಿಂತರು. "ಏನಂದ್ರೆ, ಇನ್ನೂ ಸೊಪ್ಪು ಮೇಯ್ತಾ ಅವೆ. ಸದ್ದು ಕೇಳ್ಸಲ್ವಾ?"

"ಮೇಯ್ಲಿ. ಮಸಿ ಬಿಸಿಲ್ನ ಹೀರ್ಕಂಡು ಗಾಳಿ ಕಾಯ್ತಾ ಐತೆ, ಅದ್ಕೇ ಹುಳ ಮುಂಚಿತವಾಗಿ ಹಣ್ಣಾಗವೆ. ಮೈ ನೋಡು, ಎಲ್ಲಾ ಅರಿಶಿನ ಹಚ್ಚಿದಂಗಿಲ್ವಾ?"

ನಾನು ರಜೆಗೆ ಹೋಗಿದ್ದೆ. ತಟ್ಟೆಗೆ ಬಗ್ಗಿ ನೋಡಿದೆ. ಹುಳುಗಳು ಸುಣ್ಣದ ಹಾಗೆ ಬೆಳ್ಳಗಿದ್ದವು. ಹುಳು ಮನೆಯೊಳಗೆ ಎಲೆ ಮೇಯುವ ಸದ್ದು ಮಳೆ ಹಿಡಿದಂತೆ ಕೇಳುತ್ತಿತ್ತು. ಊಟದ ಮಧ್ಯದಲ್ಲಿದ್ದ ಆ ಹುಳುಗಳನ್ನು ಚಿಕ್ಕಪ್ಪ ಸಂಭ್ರಮದಿಂದ ಎತ್ತಿ ಎತ್ತಿ ಚಂದ್ರಿಕೆಗೆ ಬಿಟ್ಟರು. ಹುಳುಗಳು, ಎಲೆಯ ಮುಂದಿಂದ ಎಬ್ಬಿಸಿದ ನೆಂಟರ ಹಾಗೆ, ತಲೆಯೆತ್ತಿ ಅತ್ತಿತ್ತ ನೋಡಿದವು.

ಚಿಕ್ಕಪ್ಪ ಟವೆಲು ಹೆಗಲಿಗೆ ಹಾಕಿಕೊಂಡು, ಪಕ್ಕದ ಮನೆ ಕೆಂಪಣ್ಣನ ಹುಳುವನ್ನೂ ನೋಡಿಬರಲು ಹೊರಟರು. ಅವರ ಬೆನ್ನು ಮರೆಯಾದ ಕೂಡಲೇ ಚಿಕ್ಕಮ್ಮ ಚಂದ್ರಿಕೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಹುಳುಗಳನ್ನು ಒಂದೊಂದಾಗಿ ತೆಗೆದು ಮತ್ತೆ ತಟ್ಟೆಗೆ ಬಿಡತೊಡಗಿದರು. ಆ ಕೈಯ ಚುರುಕು ನೋಡಿದರೆ ಅದು ಮೊದಲ ಸಲ ಮಾಡುತ್ತಿದ್ದ ಕೆಲಸವಲ್ಲ.

"ಚಿಕ್ಕಮ್ಮ, ಏನಿದು?"

"ನೀನು ನೋಡ್ಲಿಲ್ಲ ಕಣಪ್ಪ" ಎಂದರು. ಅದು ಪ್ರಶ್ನೆಯಾಗಿರಲಿಲ್ಲ, ಅಪ್ಪಣೆ. "ಹೋದ್ ಬೆಳೇಲೂ ಇಂಗೇ ಆಯ್ತು. ಮಾರನೇ ದಿನ ಅವರು ಬಂದು ನೋಡ್ದಾಗ, ಚಂದ್ರಿಕೆಯಿಂದ ಹುಳ ಬಿದ್ದೋಗವೆ ಅಂದೆ. ಧೂಳಿಗೆ ಕಾಲು ಜಾರ್ತವೆ ಅಂದ್ರು. ಹೂಂ ಅಂದೆ."

ನಮ್ಮ ಮನೆಯ ಹುಳುವಿಗೆ ಚಿಕ್ಕಮ್ಮ ಇದ್ದರು. ಕೆಂಪಣ್ಣನ ಮನೆಯ ಹುಳುವಿಗೆ ಯಾರಿದ್ದರು? ಚಿಕ್ಕಪ್ಪ ಹಣ್ಣು ಎಂದರೆ ಹಣ್ಣು, ಕೆಂಪಣ್ಣ ಮರುಮಾತಾಡುವವರಲ್ಲ. ಹಸಿದ ಹುಳುವನ್ನೇ ಚಂದ್ರಿಕೆಗೆ ಬಿಟ್ಟರು. ಗೂಡು ಹೇಗೆ ಬಂತೆಂದರೆ, ಊದಿದರೆ ಹಾರುವಂತೆ. ಕೆಂಪಣ್ಣ ಜಗಳಕ್ಕೆ ಬರಲಿಲ್ಲ. ಮುಂದಿನ ಬೆಳೆ ಹಣ್ಣಾದಾಗ ಕರೆಯಲು ಬರಲಿಲ್ಲ, ಅಷ್ಟೇ. ಅವರನ್ನು ನೋಡಿ ಇತರರೂ ಬರಲಿಲ್ಲ. ಚಿಕ್ಕಪ್ಪ ಬೆಳಿಗ್ಗೆಯೇ ಸ್ನಾನ ಮಾಡಿ, ಟವೆಲು ಮಡಿಸಿ ಪಕ್ಕದಲ್ಲಿಟ್ಟುಕೊಂಡು ಜಗುಲಿಯ ಮೇಲೆ ಕೂತಿರುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ, "ಈ ಸಲ ಯಾರೂ ಹುಳ ಕಟ್ಟಿಲ್ಲ ಅಂತ ಕಾಣ್ತದೆ" ಎಂದು ಗಟ್ಟಿಯಾಗಿ ಹೇಳಿ ಒಳಗೆ ಬರುತ್ತಿದ್ದರು. ಪಕ್ಕದ ಮನೆಯ ಅಂಗಳದಲ್ಲಿ ಚಂದ್ರಿಕೆಗಳು ಸಾಲಾಗಿ ಒರಗಿದ್ದವು. ಅವು ಅವರಿಗೆ ಕಂಡಿದ್ದವೋ ಇಲ್ಲವೋ, ನಾವು ಕೇಳಲಿಲ್ಲ.

ಮಾರ್ಕೆಟ್ಟಿಗೆ ಗೂಡು ಹಾಕಲು ರಾಮನಗರಕ್ಕೆ ಹೋದ ದಿನ, ನಾನೂ ಚಿಕ್ಕಮ್ಮನೂ ಸಂಚು ಮಾಡಿ ಅವರನ್ನು ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಬೆಳಕಿನ ವಿಷಯ ಚೆನ್ನಾಗಿ ಬಲ್ಲ ಡಾಕ್ಟರೊಬ್ಬರಿದ್ದಾರೆ, ನಿಮ್ಮ ಜೊತೆ ಚರ್ಚಿಸಬೇಕಂತೆ, ಎಂದು ಹೇಳಿದ್ದೆ. ಚಿಕ್ಕಪ್ಪ ಬೂದಿ ಬಣ್ಣದ ಪಂಚೆಯನ್ನು ಚೀಲದಲ್ಲಿಟ್ಟುಕೊಂಡೇ ಬಂದರು.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಕಣ್ಣಿಗೆ ಬೆಳಕು ಬಿಟ್ಟು ನೋಡಿ, "ಯಜಮಾನ್ರೇ, ಎರಡೂ ಕಣ್ಣಲ್ಲಿ ಪೊರೆ ಬಂದಿದೆ. ಒಳಗಿನ ಮಸೂರ ಮಬ್ಬಾಗಿ, ಹಳದಿ ಆಗಿದೆ. ಬೆಳಕು ನೇರವಾಗಿ ಒಳಗೆ ಹೋಗದೆ ಅಲ್ಲೇ ಚದುರಿ ಹೋಗ್ತಿದೆ" ಎಂದರು.

ಚಿಕ್ಕಪ್ಪನಿಗೆ ಪರಮಾನಂದವಾಯಿತು. "ಚದುರ್ತದೆ ಅಂದ್ರಾ? ಕೇಳಿಸ್ಕೊಂಡ್ಯೇನ್ಲಾ? ಒಸಿ ಹೀರ್ಕತಾನೂ ಐತಾ ನೋಡಿ ತಾಯಿ."

"ಸ್ವಲ್ಪ ಹೀರ್ಕೊಳ್ಳೋದೂ ಇದೆ. ಅದಕ್ಕೇ ನಿಮಗೆ ನೀಲಿ ಸರಿಯಾಗಿ ಕಾಣಲ್ಲ."

"ಅಂದ್ರೆ ಧೂಳು ಕಣ್ಣೊಳಕ್ಕೂ ಹೋಗದೆ."

"ಧೂಳಲ್ಲ ಯಜಮಾನ್ರೇ, ವಯಸ್ಸು. ಆಪರೇಷನ್ ಮಾಡಿದರೆ ಸರಿ ಹೋಗತ್ತೆ."

"ಮೊದಲು ಆಕಾಶಕ್ಕೆ ಮಾಡಿ. ಆಮೇಲೂ ಮಬ್ಬಿದ್ರೆ ನಂಗೆ ಮಾಡೀರಂತೆ."

ಡಾಕ್ಟರು ಕಿಟಕಿಯ ಕಡೆ ನೋಡಿದರು. ಆಚೆ ರಾಮನಗರದ ಬಂಡೆಗುಡ್ಡಗಳು ನೀರು ಬೆರೆಸಿದ ಮಜ್ಜಿಗೆಯೊಳಗೆ ಮುಳುಗಿದಂತೆ ನಿಂತಿದ್ದವು. "ಆಕಾಶಕ್ಕೂ ಬಂದಿದೆ" ಎಂದು ಪ್ರಾಮಾಣಿಕವಾಗಿ ಒಪ್ಪಿಕೊಂಡರು. "ಆದರೆ ನಮ್ಮಲ್ಲಿ ಅಷ್ಟು ದೊಡ್ಡ ಟೇಬಲ್ ಇಲ್ಲ."

ಚಿಕ್ಕಪ್ಪ ನಗಲಿಲ್ಲ. ಪಂಚೆಯ ಚೀಲವನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಮನೆಗೆ ಹೋಗೋಣವೆಂದು ಎದ್ದುಬಿಟ್ಟರು. ಊರು ಸೇರಿ ಜಗುಲಿಯ ಮೇಲೆ ಕೂತ ಮೇಲೆ ನಿಜ ಹೇಳಿದರು.

"ನಾನು ಆಪರೇಷನ್ ಮಾಡಿಸ್ಕೊಂಡೆ ಅನ್ನು. ಆ ಮ್ಯಾನೇಜರ್ರು ಏನಂತಾನೆ? ನಾ ಅವತ್ತೇ ಹೇಳ್ಲಿಲ್ವಾ, ಧೂಳು ಯಜಮಾನ್ರ ಕಣ್ಣಲ್ಲಿತ್ತು ಅಂತಾನೆ. ನಾನು ಇಷ್ಟು ದಿನ ಹೇಳಿದ್ದೆಲ್ಲಾ ಸುಳ್ಳಾಯ್ತದೆ. ಕೇಸು ಬಿದ್ದೋಯ್ತದೆ ಕಣ್ಲಾ."

ಆಗ ನನಗೆ ವಿಷಯದ ತೂಕ ತಿಳಿಯಿತು. ಈ ಭೂಮಂಡಲದಲ್ಲಿ ಆಕಾಶದ ಪರವಾಗಿ ನಿಂತಿದ್ದ ಏಕಮಾತ್ರ ಸಾಕ್ಷಿ ಕುರುಡ ಎಂದಾಗಿಬಿಟ್ಟರೆ ಆಕಾಶದ ಗತಿಯೇನು? ವಿಜ್ಞಾನದಲ್ಲಿ ಇದಕ್ಕೆ ಒಂದು ಪ್ಯಾರಾ ಕೂಡ ಇಲ್ಲ.

ಸೊಪ್ಪು ಹೆಚ್ಚುತ್ತಿದ್ದ ಚಿಕ್ಕಮ್ಮ ಕತ್ತಿ ಕೆಳಗಿಟ್ಟರು.

"ಮ್ಯಾನೇಜರ್ರು ಏನಾದ್ರೂ ಅಂದ್ಕೊಳ್ಳಿ. ನೀವು ಹಣ್ಣು ಅಂತ ಹಾಕಿದ್ ಹುಳಾನೆಲ್ಲಾ ನಾನು ವಾಪಸ್ ತಟ್ಟೆಗೆ ಬುಡ್ತಾ ಇವ್ನಿ. ಯುಗಾದಿಗೆ ಮುಂಚಿಂದ."

ಚಿಕ್ಕಪ್ಪ ಪಂಚೆಯ ಚೀಲವನ್ನು ಪಕ್ಕಕ್ಕಿಟ್ಟರು.

"ಮತ್ತೆ ಧೂಳಿಗೆ ಕಾಲು ಜಾರ್ತವೆ ಅಂದಾಗ ಹೂಂ ಅಂದೆ?"

"ಅಂದೆ."

"ಯಾಕೆ? ಅವತ್ತೇ ಹೇಳ್ಬಾರ್ದಾಗಿತ್ತಾ?"

"ಹೇಳಿದ್ರೆ ನೀವು ಹುಳದ ಮನೆ ಬಾಗ್ಲಿಗೆ ಮತ್ತೆ ಬತ್ತಿದ್ರಾ?"

ಚಿಕ್ಕಪ್ಪ ಟವೆಲನ್ನು ಬಿಚ್ಚಿ ಮಡಿಸಿದರು, ಮತ್ತೆ ಬಿಚ್ಚಿ ಮಡಿಸಿದರು. ಆಮೇಲೆ ನನ್ನ ಕಡೆ ತಿರುಗಿದರು. "ಒಂದು ಕಣ್ಣಿಗೆ ಮಾತ್ರ ಮಾಡ್ಸ್ತೀನಿ. ಬಲಗಣ್ಣಿಗೆ. ಎಡಗಣ್ಣು ಹಿಂಗೇ ಇರ್ಲಿ. ಧೂಳು ಎಷ್ಟು ಆಕಾಶದ್ದು, ಎಷ್ಟು ನಂದು ಅಂತ ಹೋಲ್ಸಿ ನೋಡಾಕೆ ಬೇಕಲ್ಲ?"

ವಿಜ್ಞಾನಕ್ಕಾಗಿ ಎಡಗಣ್ಣನ್ನು ಮುಡಿಪಿಟ್ಟವರ ಮುಂದೆ ಏನು ವಾದ ಮಾಡುವುದು? ಡಾಕ್ಟರಿಗೆ ಹೇಳಿದಾಗ, ಹೇಗೂ ಒಂದಾದ ಮೇಲೆ ಒಂದು ಮಾಡುವುದೇ ಪದ್ಧತಿ, ಇನ್ನೊಂದಕ್ಕೆ ಆಮೇಲೆ ಬನ್ನಿ ಎಂದರು.

ಆಪರೇಷನ್ ಆಗಿ, ಕಟ್ಟಿಹಾಕಿದ್ದ ಬಟ್ಟೆ ತೆಗೆದು, ಕರಿ ಕನ್ನಡಕವೂ ಹೋದ ಮೇಲೆ ಚಿಕ್ಕಪ್ಪ ಮಾಡಿದ ಮೊದಲ ಕೆಲಸವೆಂದರೆ ಹಟ್ಟಿಯ ಹಿಂದಿನ ದಿಬ್ಬ ಹತ್ತಿ ನಿಂತದ್ದು. ಎಡ ಅಂಗೈಯಿಂದ ಎಡಗಣ್ಣು ಮುಚ್ಚಿ ಗುಡ್ಡದ ಕಡೆ ನೋಡಿದರು. ಬಲ ಅಂಗೈಯಿಂದ ಬಲಗಣ್ಣು ಮುಚ್ಚಿ ನೋಡಿದರು. ದಾರಿಯಲ್ಲಿ ಹೋಗುತ್ತಿದ್ದವರು, ಇದು ಯಾವ ದೇವರಿಗೆ ಯಾವ ಹರಕೆ ಎಂದು ನಿಂತು ನೋಡಿದರು. ಚಿಕ್ಕಪ್ಪ ಅಲ್ಲಿಂದಲೇ ಕೂಗಿದರು:

"ಲೇ, ಹೊಸ ಕಣ್ಣಲ್ಲೂ ಮಬ್ಬು ಐತೆ ಕಣ್ಲಾ!"

ನನ್ನ ಜೀವನದಲ್ಲಿ ಅಷ್ಟು ಸಂತೋಷವಾಗಿ ಯಾರೂ ಕೆಟ್ಟ ಸುದ್ದಿ ಹೇಳಿದ್ದನ್ನು ನಾನು ಕೇಳಿಲ್ಲ. ಮೊದಲಿಗಿಂತ ಕಡಿಮೆಯಿತ್ತು, ಆದರೆ ಇತ್ತು. ಸಂಜೆಗೇ ಕ್ರಷರ್‌ಗೆ ಹೋಗಿ, ಡಾಕ್ಟರ ಚೀಟಿ ತೋರಿಸಿ, "ಈಗ ನನ್ ಕಣ್ಣು ಸರ್ಕಾರದ ಮುದ್ರೆ ಬಿದ್ದಂಗೆ ಪಕ್ಕಾ ಐತೆ. ಈಗ್ಲೂ ಧೂಳು ಕಾಣ್ತದೆ. ಏನಂತೀಯ?" ಎಂದು ಕೇಳಿದರಂತೆ. ಮ್ಯಾನೇಜರ್ ಟೀ ತರಿಸಿದ. ಎರಡು ದಿನ ಜಲ್ಲಿಯ ಮೇಲೆ ನೀರು ಹಾಯಿಸಿದರು. ಮೂರನೇ ದಿನ ಮೋಟರು ಕೆಟ್ಟಿತು.

ಮುಂದಿನ ಬೆಳೆಯಲ್ಲಿ ಚಿಕ್ಕಪ್ಪ ಹಣ್ಣು ಎಂದ ಹುಳು ಹಣ್ಣಾಗಿಯೇ ಇತ್ತು. ಚಿಕ್ಕಮ್ಮ ಚಂದ್ರಿಕೆಯ ಮುಂದೆ ಬಂದು ನಿಂತು, ನೋಡಿ, ಕೈ ಹಾಕದೆ ವಾಪಸು ಹೋದರು. ಸಂಕ್ರಾಂತಿ ಕಳೆದು ಒಂದು ಬೆಳಿಗ್ಗೆ ಕೆಂಪಣ್ಣ ಬೇಲಿಯಾಚೆಯಿಂದ ಕೆಮ್ಮಿ, "ಅಣ್ಣಾ, ಪುರುಸೊತ್ತಿದ್ರೆ ಒಸಿ ನಮ್ ಹುಳ ನೋಡ್ಬುಟ್ಟು ಹೋಗು" ಎಂದರು. ಚಿಕ್ಕಪ್ಪ, ಪುರುಸೊತ್ತೇ ಇಲ್ಲದವರ ಹಾಗೆ ಸ್ವಲ್ಪ ಹೊತ್ತು ಆಕಾಶ ನೋಡಿ, ಆಮೇಲೆ ಎದ್ದು ಹೋದರು.

ಎಡಗಣ್ಣಿನ ಆಪರೇಷನ್‌ಗೆ ದಿನ ಗೊತ್ತು ಮಾಡಲು ನಾನು ಹೋದದ್ದು ಅದಾದ ಮೇಲೆ. ಇಬ್ಬರೂ ಜಗುಲಿಯ ಮೇಲಿದ್ದರು. ಚಿಕ್ಕಪ್ಪ ಚಿಕ್ಕಮ್ಮನ ಮುಖವನ್ನು ಹತ್ತಿರದಿಂದ ದಿಟ್ಟಿಸಿ ನೋಡಿ, "ಇರು, ಕೆನ್ನೆ ಮ್ಯಾಲೆ ಧೂಳು ಕೂತದೆ" ಎಂದು ಟವೆಲಿನ ತುದಿಯಿಂದ ಒರೆಸಿದರು. ಇನ್ನೊಂದು ಸಲ ಒರೆಸಿದರು.

"ಅದು ಹೋಗೋದಲ್ಲ ಬುಡಿ" ಎಂದರು ಚಿಕ್ಕಮ್ಮ. "ಬಂಗಿನ ಕಲೆ. ಬಂದು ಎಷ್ಟೋ ವರ್ಷ ಆಯ್ತು. ನೀವು ಇವತ್ತು ಕಂಡ್ರಿ."

ಚಿಕ್ಕಪ್ಪ ಆಕೆಯ ನೆರೆತ ಕೂದಲು ನೋಡಿದರು, ಕಣ್ಣಿನ ಕೆಳಗಿನ ಗೆರೆಗಳನ್ನು ನೋಡಿದರು. ಆಮೇಲೆ ಮೆಲ್ಲಗೆ ಕೈಯೆತ್ತಿ ಬಲಗಣ್ಣು ಮುಚ್ಚಿಕೊಂಡು, ಮಬ್ಬು ತುಂಬಿದ ಎಡಗಣ್ಣಿನಿಂದ ಆಕೆಯನ್ನು ನೋಡುತ್ತಾ ಕೂತರು.

"ಈ ಕಣ್ಣಲ್ಲಿ ನೋಡಿದ್ರೆ ನೀನು ನಮ್ಮನೆಗೆ ಬಂದಾಗ ಇದ್ದಂಗೇ ಇದ್ದೀಯ" ಎಂದರು. "ಅರಿಶಿನ ಹಚ್ಕೊಂಡು."

ಚಿಕ್ಕಮ್ಮ ಸೊಪ್ಪಿನ ಕತ್ತಿ ಎತ್ತಿಕೊಂಡರು.

ನಾನು ಡಾಕ್ಟರ ವಿಷಯ ಎತ್ತಿದೆ. "ಆಮ್ಯಾಕೆ ನೋಡನ" ಎಂದರು ಚಿಕ್ಕಪ್ಪ. ಎಡಗಣ್ಣಿನ ಆಪರೇಷನ್ ಆಗಲಿಲ್ಲ.